‘ರ’ ಜಾರಿ ‘ಸ’ ಆದದ್ದು

ಇದು ನಡೆದದ್ದೇ. ಸುಳ್ಳಾಗಿದ್ದರೆ ಹೇಳುವವನ ಬಲಗೈ ಮುರಿಯಲಿ. ಬೋರ್ಡು ಬರೆಯುವ ಬೋರ್ಡಣ್ಣ ನಡುಮಧ್ಯಾಹ್ನ, ತುಂಬಿದ ಬೀದಿಯಲ್ಲಿ, ಏಣಿಯ ಮೇಲಿಂದ ದೊಪ್ಪನೆ ಬಿದ್ದ. ಬಿದ್ದವನ ಕೈ ಮುರಿಯಿತು, ಅದು ದೊಡ್ಡ ಸಂಗತಿಯಲ್ಲ. ಬೀಳುವಾಗ ಅವನ ಕುಂಚ ಒಂದು ಅಕ್ಷರದ ಹೊಟ್ಟೆಯೊಳಗೆ ಗೆರೆ ಎಳೆದುಬಿಟ್ಟಿತು, ಅದು ದೊಡ್ಡದು.

ಆ ಬೀದಿಯಲ್ಲಿ ಮೊದಲು ಇದ್ದದ್ದು ಖಾಸಗಿ ವಿಮೆ ಕಂಪನಿ ಒಂದೇ. ಸರ್ಕಾರ ಬಂದು ಸರಿಯಾಗಿ ಅದರ ಎದುರಿಗೇ ತನ್ನ ವಿಮೆ ಕಚೇರಿ ತೆರೆಯಿತು. “ಸರ್ಕಾರ ರಸ್ತೆ ಗುಂಡಿ ಮುಚ್ಕೊಂಡಿರ್ಲಿ. ವಿಮೆ ಮಾರೋಕೆ ನಾವಿಲ್ವಾ?” ಎಂದರು ಖಾಸಗಿಯ ಟೈ ಸಾಹೇಬರು. “ನಾವು ಎದುರಿಗೆ ಬಂದ್ಮೇಲೇ ಅಲ್ವೇನ್ರೀ ನೀವು ಗಿರಾಕಿಗೆ ಕುರ್ಚಿ ಹಾಕಿದ್ದು?” ಎಂದರು ಸರ್ಕಾರಿ ಸಾಹೇಬರು. ಬೋರ್ಡಣ್ಣ ಇವರ ಮಾತಿಗೂ ಹೂಂ ಎಂದ, ಅವರ ಮಾತಿಗೂ ಹೂಂ ಎಂದ. ಇಬ್ಬರ ಬೋರ್ಡಿನ ಕೆಲಸವೂ ಅವನಿಗೇ ಸಿಕ್ಕಿತ್ತಲ್ಲ! ಕೆಲಸದ ಜೊತೆಗೆ ಎರಡು ಕಡೆಯೂ ಒಂದೊಂದು ಅಪಘಾತ ವಿಮೆ ಮಾಡಿಸಿಕೊಂಡು, ಇನ್ನು ತಾನು ಎಲ್ಲಿ ಬಿದ್ದರೂ ಹಾಸಿಗೆಯ ಮೇಲೇ ಬೀಳುವುದು ಎಂದು ಬೀಗುತ್ತಿದ್ದ.

“ಪರಿಹಾರಕ್ಕೆ ನಾವೇ ಮೊದಲು” – ಎರಡು ಬೋರ್ಡಿಗೂ ಇದೇ ಮಾತು. ಇವರು ಅಕ್ಷರ ಒಂದು ಗೇಣು ಇರಲಿ ಎಂದರೆ ಅವರು ಒಂದು ಮೊಳ ಎಂದರು. ಅವರು ಮೊಳ ಎಂದರೆ ಇವರು ಒಂದು ಮಾರು ಎಂದರು. ಕೊನೆಗೆ ಅಕ್ಷರಗಳು ಎಷ್ಟು ದೊಡ್ಡವಾದವು ಎಂದರೆ, ಪಾರಿವಾಳಗಳು ‘ಹಾ’ ಅಕ್ಷರವನ್ನು ಕಿಟಕಿಯೆಂದು ತಿಳಿದು ನುಗ್ಗಲು ಹೋಗಿ ಕೊಕ್ಕು ಜಜ್ಜಿಕೊಂಡವು.

ಬಿದ್ದ ದಿನ ಅವನು ಸರ್ಕಾರಿ ಬೋರ್ಡಿನ ‘ರ’ಕ್ಕೆ ಎರಡನೇ ಕೋಟು ಹೊಡೆಯುತ್ತಿದ್ದ. ನಡುವೆ ಕತ್ತು ತಿರುಗಿಸಿ, ಎದುರುಗಡೆ ತಾನೇ ಬರೆದು ಮುಗಿಸಿದ್ದ ಖಾಸಗಿ ಬೋರ್ಡನ್ನು ಕಣ್ತುಂಬಾ ನೋಡಿದ. “ಎಂಥಾ ಕೈ ಕಣೋ ನಿಂದು!” ಎಂದು ತನ್ನನ್ನೇ ಹೊಗಳಿಕೊಂಡ. ಹೊಗಳಿಸಿಕೊಂಡದ್ದು ಕೈ, ಮೈಮರೆತದ್ದು ಕಾಲು. ಕುಂಚ ಸರ್ರನೆ ಎಳೆದ ಗೆರೆಗೆ ‘ರ’ ಹೋಗಿ ‘ಸ’ ಆಯಿತು. “ಪರಿಹಾಸಕ್ಕೆ ನಾವೇ ಮೊದಲು!” ಮೂರನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ಬೋರ್ಡಣ್ಣನಿಗೆ ಪರಿಹಾಸ ಎಂದರೆ ಗೇಲಿ ಎಂದು ಗೊತ್ತಿರಲಿಲ್ಲ. ಅವನನ್ನು ಎತ್ತಲು ಓಡಿಬಂದವರಿಗೆ ಗೊತ್ತಿತ್ತು. ಅವರು ಬೋರ್ಡು ಓದಿ, ಹೊಟ್ಟೆ ಹಿಡಿದುಕೊಂಡು ಅವನ ಪಕ್ಕದಲ್ಲೇ ಕೂತುಬಿಟ್ಟರು.

“ಹದಿನೈದು ದಿನದೊಳಗೆ ರಾಡ್ ಹಾಕ್ಬೇಕು. ಇಲ್ದಿದ್ರೆ ಈ ಕೈ ಇನ್ನು ಕುಂಚ ಹಿಡಿಯಲ್ಲ” ಎಂದರು ಆಸ್ಪತ್ರೆಯ ಡಾಕ್ಟರು. ಅಷ್ಟರಲ್ಲಿ ಇಬ್ಬರು ಸಾಹೇಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ಬಂದರು.

“ಎಷ್ಟು ಎತ್ತರದಿಂದ ಬಿದ್ರಿ?” ಟೈ ಸಾಹೇಬರು ಕೇಳಿದರು.

ಬಿದ್ದವನಿಗೂ ಒಂದು ಮರ್ಯಾದೆ ಇರುತ್ತದೆ. “ಮೂರು ಮಹಡಿ ಸಾರ್. ಬೀಳ್ತಾ ದಾರೀಲಿ ಒಂದು ಸಣ್ಣ ನಿದ್ದೆ ಆಯ್ತು.”

“ಹತ್ತಡಿ ಮೇಲಾದ್ರೆ ನಮ್ಮಲ್ಲಿ ಪರಿಹಾರ ಇಲ್ಲ.”

ಬೋರ್ಡಣ್ಣ ತಟ್ಟನೆ ಸರ್ಕಾರದ ಕಡೆ ಹೊರಳಿದ. “ನಿಮಗಾದ್ರೆ ನಿಜ ಹೇಳ್ತೀನಿ ಸಾರ್. ಬರೀ ಒಂದು ಗೇಣು.”

“ಗೇಣೆತ್ತರದಿಂದ ಬಿದ್ರೆ ಕೈ ಮುರಿಯುತ್ತೇನಪ್ಪಾ? ಇದು ಅನುಮಾನದ ಕೇಸು.”

ಬೋರ್ಡಣ್ಣನ ಹೆಂಡತಿ ಹಣೆ ಚಚ್ಚಿಕೊಂಡಳು. “ಏಣೀ ನಾಲ್ಕನೇ ಮೆಟ್ಲು ಸಾರ್! ಇಡೀ ಬೀದಿ ನೋಡಿದೆ. ಹೋಗಿ ಅಳೀರಿ. ಕೈಗೆ ಮಾಡ್ಸೋ ಬದ್ಲು ಈ ಮನುಷ್ಯನ ಬಾಯಿಗೆ ವಿಮೆ ಮಾಡ್ಸಿದ್ರೆ ನಾನಾದ್ರೂ ಬದುಕ್ಕೋತಿದ್ದೆ.”

ಟೇಪು ಹಿಡಿದು ಇಬ್ಬರೂ ಅಳೆದು ಬಂದರು. ಐದೂವರೆ ಅಡಿ. ಎರಡು ವಿಮೆಗೂ ಸರಿಹೋಗುವ ಎತ್ತರ, ಯಾರೂ ಇಲ್ಲ ಅನ್ನುವ ಹಾಗಿಲ್ಲ. ಸಾಹೇಬರು ಒಬ್ಬರ ಮುಖ ಒಬ್ಬರು ನೋಡಿದರು. ಜನ್ಮದಲ್ಲಿ ಮೊದಲ ಸಲ ಅವರಿಬ್ಬರ ನಡುವೆ ವಿನಯ ಹುಟ್ಟಿತು.

“ನಿಮ್ಮ ಬೋರ್ಡು ಬರೀತಾ ಬಿದ್ದಿದ್ದು. ನೀವೇ ಮೊದಲು ಕೊಡಿ” ಎಂದರು ಟೈ ಸಾಹೇಬರು.

“ಛೆ ಛೆ, ನಿಮ್ಮ ಬೋರ್ಡು ನೋಡ್ತಾ ಬಿದ್ದಿದ್ದು. ನೀವೇ ಮೊದಲು” ಎಂದರು ಸರ್ಕಾರಿ ಸಾಹೇಬರು.

“ಅಲ್ರೀ, ಗೋಡೆ ಮೇಲೆ ನಾವೇ ಮೊದಲು, ಮಂಚದ ಪಕ್ಕ ನೀವೇ ಮೊದಲಾ?” ಎಂದಳು ಹೆಂಡತಿ. ಅದಕ್ಕೆ ಉತ್ತರ ಕೊಡುವ ವಿಷಯದಲ್ಲೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು, ಇಬ್ಬರೂ ಹೊರಟುಹೋದರು.

ಮಾರನೇ ದಿನ ಸರ್ಕಾರಿ ಸಾಹೇಬರು ಒಬ್ಬರೇ ಓಡಿಬಂದರು. “ಮೇಲಿನವ್ರು ಬೋರ್ಡು ನೋಡೋಕೆ ಬರ್ತಿದಾರಪ್ಪಾ. ಬೇರೆಯವ್ರು ಕೈ ಹಾಕಿದ್ರೆ ಅಕ್ಷರ ಹೊಂದಲ್ಲ. ಹೇಗಾದ್ರೂ ಮಾಡಿ ಆ ‘ಸ’ ತೆಗ್ದು ‘ರ’ ಮಾಡು!”

“ರಾಡ್ ಬಂದ್ರೆ ‘ರ’ ಬರುತ್ತೆ ಸಾರ್” ಎಂದ ಬೋರ್ಡಣ್ಣ.

ಇವತ್ತಿಗೆ ಹತ್ತು ದಿನ. ರಾಡೂ ಬಂದಿಲ್ಲ, ‘ರ’ವೂ ಬಂದಿಲ್ಲ. ಟೈ ಸಾಹೇಬರು ದಿನಾ ಬಾಗಿಲಲ್ಲಿ ನಿಂತು ಎದುರಿನ ಬೋರ್ಡು ಓದಿ ಓದಿ ನಗುತ್ತಾರೆ. ಪೈಪೋಟಿ ಅಂದಮೇಲೆ ಎರಡು ಕಡೆಯೂ ಸಮ ಇರಬೇಡವೆ? ಅವರ ‘ರ’ಕ್ಕೂ ಒಂದೇ ಒಂದು ಗೆರೆ ಸಾಕು, ಎಡಗೈಯಲ್ಲೂ ಎಳೆಯಬಹುದು. ಏಣಿ ತಂದಾಗಿದೆ. ಈ ಕತೆ ಹೇಳುವವನ ಬಲಗೈಗೆ ಕಟ್ಟು ಯಾಕೆ ಎಂದು ಆಮೇಲೆ ಕೇಳುವಿರಂತೆ. ಈಗ ಏಣಿಯ ಬುಡ ಹಿಡಿಯಲು ಒಬ್ಬರು ಬೇಕು. ಬನ್ನಿ, ನೀವೇ ಮೊದಲು.