ಕೊನೆಯಿಂದ ಎರಡನೆಯವನು

ಸೈಕಲ್ ರೇಸಿನಲ್ಲಿ ಗೆಲ್ಲುವವರು ಯಾರು ಎಂಬುದು ಸಣ್ಣ ವಿಷಯ. ಕೊನೆಗೆ ಬರುವವರು ಯಾರು ಎಂಬುದೇ ಘನವಾದದ್ದು. ಹೋದ ವರ್ಷ ಬೆಟ್ಟದ ರೇಸಿನಲ್ಲಿ ಎಲ್ಲರಿಗಿಂತ ಹಿಂದೆ ಬಂದ ವಾದಿರಾಜನನ್ನು ಕಚೇರಿಯವರು ವರ್ಷವಿಡೀ ‘ಮಂಗಳಂ’ ಎಂದೇ ಕರೆದಿದ್ದರು.

ಈ ಸಲ ಅವನ ಹಿಂದೆ ಒಬ್ಬನಿದ್ದ. ಕೆಸರಿನಲ್ಲೂ ಬಂಡೆಗಳ ಮೇಲೂ ಇಪ್ಪತ್ತು ಮಾರು ಹಿಂದೆಯೇ ಬರುತ್ತಿದ್ದ ಆ ಕೆಂಪು ಹೆಲ್ಮೆಟ್ಟಿನ ಪುಣ್ಯಾತ್ಮನ ಚಕ್ರ, ಕೊನೆಯ ಇಳಿಜಾರಿನಲ್ಲಿ ಚೂಪುಗಲ್ಲಿಗೆ ತಗಲಿ ಠುಸ್ಸೆಂದಿತು.

“ಸಾರ್, ಪಂಪ್ ಇದ್ರೆ ಕೊಡ್ತೀರಾ? ನಂದು ದಾರೀಲಿ ಯಾರಿಗೋ ಕೊಟ್ಬಿಟ್ಟೆ.”

“ಅಯ್ಯೋ, ನಾನು ತಂದೇ ಇಲ್ವಲ್ಲ,” ಎಂದ ವಾದಿರಾಜ. ಚೀಲದಲ್ಲಿದ್ದ ಪಂಪು ಗುರಿ ಮುಟ್ಟುವವರೆಗೂ ಅವನ ಬೆನ್ನಿಗೆ ಚುಚ್ಚುತ್ತಲೇ ಇತ್ತು.

“ನನ್ನ ಹಿಂದೆ ಬರ್ತಿದ್ದವ್ರಿಗೆ ಪಂಕ್ಚರ್ ಆಗಿದೆ, ಪಾಪ,” ಎಂದು ಅವನು ಅಲ್ಲಿ ಪಟ್ಟಿ ಹಿಡಿದು ನಿಂತಿದ್ದ ಕಾರ್ಯಕರ್ತೆಗೆ ತಲೆ ತಗ್ಗಿಸಿ ಹೇಳಿದ. “ಯಾರಾದ್ರೂ ಪಂಪ್ ತಗೊಂಡ್ಹೋಗಿ.”

“ಕೆಂಪು ಹೆಲ್ಮೆಟ್‌ನವರಾ? ಅವರು ರೇಸಲ್ಲಿಲ್ಲ ಸಾರ್, ನಮ್ಮ ಕಡೆಯವರು. ಕಟ್ಟಕಡೇಲಿ ಬರೋರಿಗೆ ತೊಂದರೆ ಆಗ್ಬಾರ್ದು ಅಂತ ಅವರ ಹಿಂದೆ ಕಳಿಸಿರ್ತೀವಿ,” ಎಂದು ಕಾರ್ಯಕರ್ತೆ ಪಟ್ಟಿಯ ಕೊನೆಯ ಸಾಲಿನಲ್ಲಿ ವಾದಿರಾಜನ ಹೆಸರು ಬರೆದು ಅಡಿಗೆರೆ ಎಳೆದಳು.