ಎಸೆತಗಾರನನ್ನು ಮಾತನಾಡಿಸಬಾರದು

“ಮಗಳು ಕಣ್ಣು ತೆರೆದಳು ಅಂತ ಆಸ್ಪತ್ರೆಯಿಂದ ಫೋನ್ ಬಂದ್ರೆ ತಕ್ಷಣ ಹೇಳಿ, ಸರ್. ಆಟ ಬಿಟ್ಟು ಓಡ್ತೀನಿ.”

“ಆಯ್ತು ಕಣೋ, ಹೋಗು,” ಎಂದು ತರಬೇತುದಾರ ಎಸೆತಗಾರನನ್ನು ಮೈದಾನಕ್ಕೆ ಕಳಿಸಿದ.

ಎದುರಾಳಿಗೆ ಒಂದು ಹೊಡೆತವನ್ನೂ ದಕ್ಕಗೊಡದ ಎಸೆತಗಾರನನ್ನು ಪಂದ್ಯ ಮುಗಿಯುವವರೆಗೆ ಯಾರೂ ಮಾತನಾಡಿಸಬಾರದೆಂಬುದು ಬೇಸ್‌ಬಾಲಿನ ಹಳೆಯ ಸಂಪ್ರದಾಯ. ವಿರಾಮಗಳಲ್ಲಿ ಸಂಗಡಿಗರು ಅವನಿಂದ ದೂರ ಸರಿದು ಕುಳಿತರು. ಮಗಳಿಗಿನ್ನೂ ಎಚ್ಚರವಾಗಿಲ್ಲವೆಂದು ಭಾವಿಸಿ ಅವನು ಪಂದ್ಯದ ಒಂಬತ್ತು ಇನಿಂಗ್ಸ್‌ಗಳನ್ನೂ ಎಸೆದು, ಒಂದು–ಸೊನ್ನೆಯಿಂದ ತಂಡವನ್ನು ಗೆಲ್ಲಿಸಿದ. ಒಂದು ಹೊಡೆತವೂ ಎದುರಾಳಿಗೆ ದಕ್ಕಿರಲಿಲ್ಲ.

ತರಬೇತುದಾರ ಓಡಿಬಂದು ತಬ್ಬಿಕೊಂಡ.

“ಸರ್, ಫೋನ್ ಬರಲೇ ಇಲ್ವಾ?”

“ಮೂರನೇ ಇನಿಂಗ್ಸ್‌ನಲ್ಲೇ ಬಂತು. ಸಂಪ್ರದಾಯ ಮುರಿಯೋಕಾಗುತ್ತೇನೋ? ಏಳನೇ ಇನಿಂಗ್ಸ್‌ನಲ್ಲಿ ಮತ್ತೆ ಬಂತು. ಅಲ್ಲಿವರೆಗೂ ಪಾಪ, ‘ಅಪ್ಪ ಎಲ್ಲಿ’ ಅಂತ ಕೇಳ್ತಾನೇ ಇದ್ದಳಂತೆ.”