ದೊರೆಸಾನಿಯ ಮುಖ

ನಾನೂರು ವರ್ಷಗಳ ಹಿಂದೆ, ಸ್ಕಾಟ್ಲೆಂಡಿನ ಚಳಿಗೆ ಮರಗಟ್ಟಿದ ಒಂದು ಕೋಟೆಮನೆಯಲ್ಲಿ, ದಿನ ತುಂಬಿದ ಬಸುರಿ ಲಿಲಿಯಸ್ ದೊರೆಸಾನಿ ಚಿತ್ರಗಾರನ ಮುಂದೆ ಕೂತು ಕೂತು ಹೈರಾಣಾಗಿದ್ದಳು. ಸೊಂಟ ಸೆಳೆಯುತ್ತಿತ್ತು, ಕುತ್ತಿಗೆಗೆ ಬಿಗಿದ ಲೇಸಿನ ಪಟ್ಟಿ ಚುಚ್ಚುತ್ತಿತ್ತು. ಹೆರಿಗೆಗೆ ಮೊದಲೇ ಚಿತ್ರ ಮುಗಿಯಬೇಕೆಂದು ದೊರೆ ಹಟ ಹಿಡಿದಿದ್ದ.

“ಇನ್ನೂ ಎಷ್ಟು ಹೊತ್ತಪ್ಪಾ?”

“ಮುಖ ಒಂದು ಮುಗಿದ್ರೆ ಆಯ್ತು ತಾಯಿ. ಉಡುಪು, ಮುತ್ತಿನ ಸರ, ಕೈ ಎಲ್ಲಾ ಮೊದಲೇ ಆಗಿದೆ.”

ಅಷ್ಟಾದರೂ ತಪ್ಪಿತಲ್ಲ ಎಂದುಕೊಂಡು ಅವಳು ಕಾಲು ಸಡಿಲಿಸಲು ಎದ್ದಳು. ಹಾಗೇ ಹತ್ತಿರ ಹೋಗಿ ಚಿತ್ರ ನೋಡಿದಳು. ಕಪ್ಪು ರೇಷ್ಮೆಯ ಉಡುಪಿಗೆ ಬಣ್ಣವನ್ನು ದಪ್ಪಗೆ ಮೆತ್ತಿದ್ದ. ಮುಖಕ್ಕೆ ಮಾತ್ರ ತೆಳ್ಳಗೆ ಸವರಿದ್ದ.

“ನನ್ನ ಮುಖಕ್ಕೆ ಬಂದಾಗಲೇ ಯಾಕಪ್ಪಾ ಬಣ್ಣದಲ್ಲಿ ಇಷ್ಟು ಜಿಪುಣತನ?”

ಕುಂಚ ಒರೆಸುತ್ತಿದ್ದ ಮುದುಕ ತಲೆಯೆತ್ತಲಿಲ್ಲ. ಅವನ ದನಿಯಲ್ಲೂ ದಣಿವಿತ್ತು.

“ಜಿಪುಣತನ ಅಲ್ಲ ತಾಯಿ. ಹಿಂದಿನ ದೊರೆಸಾನಿಯವರು ಹೆರಿಗೆಯಲ್ಲಿ ಹೋದಾಗ, ಈ ಪಟದಿಂದ ಅವರ ಮುಖ ಕೆರೆದು ತೆಗೆಯೋಷ್ಟರಲ್ಲಿ ನನ್ನ ಕೈಯೇ ಬಿದ್ದುಹೋಗಿತ್ತು.”